ಕೊನೆಯ ನಲ್ಲಿಯಿಂದ ಅಳೆಯೋಣ: ಗ್ರಾಮ ಸಮುದಾಯ ನೀರು ಸರಬರಾಜು ವ್ಯವಸ್ಥೆಯ ಕುರಿತು ಅಧ್ಯಯನ ಪಾಠ

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ)



1. ಪೀಠಿಕೆ

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಅತಿ ಹೆಚ್ಚು ಬಾರಿ ಪ್ರಸ್ತಾಪವಾಗುವ ವಿಷಯ ಕುಡಿಯುವ ನೀರು. ಅತಿ ಕಡಿಮೆ ಅಧ್ಯಯನಕ್ಕೆ ಒಳಗಾಗುವ ವಿಷಯವೂ ಅದೇ. ನೀರು ಬರಲಿಲ್ಲವೆಂದು ದೂರು ಬಂದ ಕೂಡಲೇ ಹೊಸ ಕೊಳವೆಬಾವಿ ಕೊರೆಸುವ ನಿರ್ಣಯ ಕೈಗೊಳ್ಳುವುದು ನಮಗೆಲ್ಲ ಅಭ್ಯಾಸವಾಗಿದೆ. ಆದರೆ ನೀರಿನ ಕೊರತೆ ಎಂದು ಕಾಣುವುದೆಲ್ಲ ನೀರಿನ ಕೊರತೆಯಲ್ಲ. ಎಷ್ಟೋ ಊರುಗಳಲ್ಲಿ ಮೂಲದಲ್ಲಿ ನೀರಿದೆ, ತೊಟ್ಟಿ ತುಂಬುತ್ತದೆ, ಮೊದಲ ಬೀದಿಯಲ್ಲಿ ನಲ್ಲಿ ಉಕ್ಕಿ ಹರಿಯುತ್ತದೆ. ಕೊನೆಯ ಬೀದಿಯ ಕೊಡ ಮಾತ್ರ ಬರಿದಾಗಿಯೇ ಉಳಿಯುತ್ತದೆ. ಇದು ಏಕೆ ಹೀಗಾಗುತ್ತದೆ, ಇದನ್ನು ಸರಿಪಡಿಸಲು ಸದಸ್ಯರು ತಿಳಿದಿರಬೇಕಾದ ಲೆಕ್ಕಗಳು ಯಾವುವು ಎಂಬುದನ್ನು ವಿವರಿಸುವುದು ಈ ಪಾಠದ ಉದ್ದೇಶ. ಇಲ್ಲಿರುವ ಗಣಿತ ಕೂಡು, ಕಳೆ, ಗುಣಿಸು, ಭಾಗಿಸು ಇಷ್ಟನ್ನು ಮೀರುವುದಿಲ್ಲ.

2. ನಮ್ಮ ನೆಲ, ನಮ್ಮ ನೀರು

ನಮ್ಮ ಮೂರು ತಾಲ್ಲೂಕುಗಳು ನೀರಿನ ವಿಷಯದಲ್ಲಿ ಎರಡು ಬಗೆಯ ಊರುಗಳನ್ನು ಹೊಂದಿವೆ. ಮೊದಲನೆಯದು ನಾಲೆಯ ಬಯಲು. 1911ರಲ್ಲಿ ಆರಂಭವಾಗಿ ಎರಡು ದಶಕಗಳ ಕಾಲ ನಡೆದ ಕನ್ನಂಬಾಡಿ ಕಟ್ಟೆಯ ಕಾಮಗಾರಿ ಮುಗಿದ ಮೇಲೆ, ಅಂದು ಇರ್ವಿನ್ ನಾಲೆ ಎಂದು ಹೆಸರಾಗಿ ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯಲ್ಪಡುವ ಕಾಲುವೆಯು ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿಗೆ ಕಾವೇರಿಯನ್ನು ತಂದಿತು. ನಾಲೆ ಬಂದದ್ದು ಭತ್ತ ಮತ್ತು ಕಬ್ಬಿಗಾಗಿ. ಆದರೆ ಗದ್ದೆಯಲ್ಲಿ ನಿಂತ ನೀರು ಇಂಗಿ, ಊರಿನ ಸೇದುವ ಬಾವಿಗಳ ಮಟ್ಟವನ್ನೂ ಏರಿಸಿತು. ಈ ಭಾಗದಲ್ಲಿ ನೀರಿನ ಪ್ರಮಾಣಕ್ಕಿಂತ ಅದರ ಗುಣಮಟ್ಟವೇ ಹೆಚ್ಚು ಯೋಚಿಸಬೇಕಾದ ಸಂಗತಿ.

ಎರಡನೆಯದು ನಾಲೆ ಹತ್ತದ ಎತ್ತರದ ಊರುಗಳು. ಮಳವಳ್ಳಿ ತಾಲ್ಲೂಕಿನ ಹಲಗೂರು ಭಾಗದ ಬೆಟ್ಟದ ಅಂಚಿನ ಹಳ್ಳಿಗಳು ಇದಕ್ಕೆ ಉದಾಹರಣೆ. ಇಲ್ಲಿ ನೆಲದಡಿ ಇರುವುದು ಗಟ್ಟಿ ಬೆಣಚು ಮತ್ತು ನೈಸ್ ಶಿಲೆ. ಮರಳಿನ ನೆಲದಂತೆ ಈ ಶಿಲೆ ನೀರನ್ನು ತುಂಬಿಕೊಳ್ಳುವುದಿಲ್ಲ. ಮೇಲ್ಪದರದ ಶಿಥಿಲ ಮಣ್ಣಿನಲ್ಲಿಯೂ ಬಂಡೆಯ ಸೀಳುಗಳಲ್ಲಿಯೂ ಮಾತ್ರ ನೀರು ನಿಲ್ಲುತ್ತದೆ. ಆದುದರಿಂದಲೇ ಒಂದು ಕೊಳವೆಬಾವಿಯಲ್ಲಿ ಧಾರಾಳವಾಗಿ ನೀರಿದ್ದು, ಅದರಿಂದ ಕೂಗಳತೆಯ ದೂರದಲ್ಲಿ ಕೊರೆದ ಇನ್ನೊಂದರಲ್ಲಿ ಬರೀ ಧೂಳು ಹಾರುತ್ತದೆ.

ಇವೆರಡರ ನಡುವೆ ಮೂರನೆಯ ಚಿತ್ರವೊಂದಿದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದಲೂ ಬೆಂಗಳೂರಿಗೆ ಕಾವೇರಿ ನೀರು ಹೋಗುತ್ತಿದೆ. ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಮೂರು ಹಂತಗಳಲ್ಲಿ ನೀರನ್ನು ಎತ್ತಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಈ ಕೊಳವೆಗಳನ್ನು ದಿನವೂ ನೋಡುವ ನಮ್ಮ ಜನ, "ನೂರು ಕಿಲೋಮೀಟರ್ ಹೋಗುವ ನೀರು ನಮ್ಮ ಬೀದಿಗೆ ಏಕೆ ಬರುವುದಿಲ್ಲ?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರದ ಒಂದು ಭಾಗ ಹಣ. ಇನ್ನೊಂದು ಭಾಗವನ್ನು ನಾವು ಗಮನಿಸಬೇಕು: ಅಲ್ಲಿ ಎಷ್ಟು ನೀರು ಎತ್ತಿದೆವು, ಎಷ್ಟು ಒತ್ತಡದಲ್ಲಿ, ಎಷ್ಟು ಕ್ಲೋರಿನ್ ಬೆರೆಸಿ ಎಂಬುದನ್ನು ದಿನವೂ ಅಳೆದು ಬರೆಯುವ ವ್ಯವಸ್ಥೆ ಇದೆ. ನಮ್ಮ ಊರಿನ ತೊಟ್ಟಿಯ ಬಳಿ ಒಂದು ನೋಟ್‌ಪುಸ್ತಕವೂ ಇಲ್ಲ.

3. ಸೇದುವ ಬಾವಿಯಿಂದ ಮನೆಯ ನಲ್ಲಿಯವರೆಗೆ

ಗ್ರಾಮೀಣ ನೀರು ಸರಬರಾಜು ಸರ್ಕಾರದ ಹೊಣೆಯೆಂದು ಗಟ್ಟಿಯಾಗಿ ಒಪ್ಪಿಕೊಂಡು ಅರ್ಧ ಶತಮಾನವಷ್ಟೇ ಆಗಿದೆ. ಕೇಂದ್ರ ಸರ್ಕಾರದ ವೇಗವರ್ಧಿತ ಗ್ರಾಮೀಣ ನೀರು ಸರಬರಾಜು ಕಾರ್ಯಕ್ರಮ 1972–73ರಲ್ಲಿ ಆರಂಭವಾಯಿತು. ಅಂದಿನ ಮಾನದಂಡ ದಿನಕ್ಕೆ ತಲಾ 40 ಲೀಟರ್, 250 ಜನರಿಗೆ ಒಂದು ಕೈಪಂಪ್. ನಮ್ಮ ರಾಜ್ಯದಲ್ಲಿ 1983ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಹಳ್ಳಿಗೆ ಕೊಳವೆಬಾವಿ ಒದಗಿಸಿ ಜನರ ಬಾಯಲ್ಲಿ "ನೀರ್ ಸಾಬ್" ಆದರು. ಸದಸ್ಯರಲ್ಲಿ ಹಲವರು ತರಬೇತಿ ಪಡೆದಿರುವ ಮೈಸೂರಿನ ಸಂಸ್ಥೆ ಅವರ ಹೆಸರಿನಲ್ಲಿಯೇ ಇದೆ. ಪಂಚಾಯತ್ ರಾಜ್ ಮತ್ತು ನೀರು ಎರಡನ್ನೂ ಒಬ್ಬರೇ ಕಟ್ಟಿದ್ದು ಆಕಸ್ಮಿಕವಲ್ಲ. ಊರಿನ ನೀರನ್ನು ಊರೇ ನೋಡಿಕೊಳ್ಳಬೇಕೆಂಬ ವಿಚಾರ ಅದರ ಹಿಂದೆ ಇತ್ತು.

ಕೈಪಂಪಿನ ನಂತರ ಕಿರು ನೀರು ಸರಬರಾಜು ಯೋಜನೆಯ ತೊಂಬೆಗಳು ಬಂದವು. ಬಳಿಕ ಎತ್ತರದ ತೊಟ್ಟಿ ಮತ್ತು ಬೀದಿ ನಲ್ಲಿಗಳು ಬಂದವು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್, ನಮ್ಮಲ್ಲಿ "ಮನೆ ಮನೆಗೆ ಗಂಗೆ" ಎಂಬ ಹೆಸರಿನಲ್ಲಿ, ಪ್ರತಿ ಮನೆಗೂ ಕಾರ್ಯಾತ್ಮಕ ನಲ್ಲಿ ಸಂಪರ್ಕದ ಗುರಿ ಇಟ್ಟಿತು. "ಕಾರ್ಯಾತ್ಮಕ" ಎಂಬ ಪದಕ್ಕೆ ಮೂರು ಷರತ್ತುಗಳಿವೆ: ದಿನಕ್ಕೆ ತಲಾ 55 ಲೀಟರ್, ನಿಗದಿತ ಗುಣಮಟ್ಟ, ನಿಯಮಿತವಾದ ದೀರ್ಘಕಾಲದ ಪೂರೈಕೆ. ಮನೆಯ ಮುಂದೆ ಕೊಳವೆ ನೆಟ್ಟು ಛಾಯಾಚಿತ್ರ ತೆಗೆದ ಮಾತ್ರಕ್ಕೆ ಈ ಮೂರೂ ಷರತ್ತು ಪೂರೈಸಿದಂತಾಗದು.

4. ಬೇಡಿಕೆಯ ಲೆಕ್ಕ

ಪ್ರತಿ ಸದಸ್ಯರೂ ತಮ್ಮ ಊರಿಗೆ ಈ ಕೆಳಗಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕೆಂದು ಕೋರುತ್ತೇನೆ. 1,800 ಜನರಿರುವ ಮಾದರಿ ಗ್ರಾಮವೊಂದನ್ನು ಹಿಡಿಯೋಣ.

ಅ) ಜನರ ಬೇಡಿಕೆ: 1,800 × 55 = 99,000 ಲೀಟರ್.

ಆ) ದಾರಿಯಲ್ಲಿ ಶೇ. 15ರಷ್ಟು ಸೋರಿಹೋಗುವುದೆಂದು ಹಿಡಿದರೆ, ಎತ್ತಬೇಕಾದ ನೀರು 99,000 ÷ 0.85, ಅಂದರೆ ಸುಮಾರು 1,16,000 ಲೀಟರ್.

ಇ) ಕೊಳವೆಬಾವಿಯ ಇಳುವರಿ ಗಂಟೆಗೆ 9,000 ಲೀಟರ್ ಆದರೆ, ಪಂಪ್ ಓಡಬೇಕಾದ ಅವಧಿ ಸುಮಾರು 13 ಗಂಟೆ.

ಈ ಮೂರನೆಯ ಸಾಲಿನಲ್ಲಿ ನಿಲ್ಲಬೇಕು. ತ್ರೀಫೇಸ್ ವಿದ್ಯುತ್ 13 ಗಂಟೆ ಸಿಗದ ಊರಿನಲ್ಲಿ, ಮೂಲದಲ್ಲಿ ನೀರಿದ್ದರೂ ತೊಟ್ಟಿ ತುಂಬುವುದಿಲ್ಲ. ಆಗ ಬೇಕಾಗಿರುವುದು ಎರಡನೆಯ ಬಾವಿಯೋ, ನಿರಂತರ ವಿದ್ಯುತ್ತಿನ ಮಾರ್ಗವೋ, ಸೋರಿಕೆಯ ದುರಸ್ತಿಯೋ ಎಂಬುದನ್ನು ಲೆಕ್ಕವೇ ಹೇಳುತ್ತದೆ. ಇಳುವರಿಯನ್ನು ಅಳೆಯಲು 200 ಲೀಟರ್‌ನ ಡ್ರಮ್ಮೊಂದು, ಕೈಗಡಿಯಾರವೊಂದು ಸಾಕು. ಡ್ರಮ್ ತುಂಬಲು 80 ಸೆಕೆಂಡ್ ಹಿಡಿದರೆ ಇಳುವರಿ ಗಂಟೆಗೆ 9,000 ಲೀಟರ್. ಇದನ್ನು ಮಳೆಗಾಲದ ಕೊನೆಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ ಅಳೆದು ದಾಖಲಿಸಬೇಕು.

ನಮ್ಮ ಜಿಲ್ಲೆಗೆ ವಿಶೇಷವಾದ ಅಂಶವೊಂದನ್ನು ಇಲ್ಲಿ ಸೇರಿಸಬೇಕು. ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ ಬೆಳಗ್ಗೆ ಸಂಜೆ ಹಾಲು ಹಾಕುವ ಊರುಗಳು ನಮ್ಮವು. ತಲಾ 55 ಲೀಟರ್ ಎಂಬುದು ಮನುಷ್ಯರ ಲೆಕ್ಕ. ಅದರಲ್ಲಿ ಹಸುವಿನ ಪಾಲಿಲ್ಲ. ಕರೆಯುವ ಮಿಶ್ರತಳಿ ಹಸುವೊಂದಕ್ಕೆ 60 ಲೀಟರ್ ಎಂದು ಹಿಡಿದರೂ, 300 ಹಸುಗಳಿಗೆ 18,000 ಲೀಟರ್ ಬೇಕು. ಕಾಗದದಲ್ಲಿ ಕಾಣದ ಈ ನೀರು ಕೊನೆಗೆ ಮನೆಯ ನಲ್ಲಿಯಿಂದಲೇ ಹೋಗುತ್ತದೆ. ಆದುದರಿಂದ ದನಕರುಗಳಿಗೆ ಪ್ರತ್ಯೇಕ ಮೂಲದಿಂದ ತುಂಬುವ ತೊಟ್ಟಿಯನ್ನು ಯೋಜನೆಯಲ್ಲಿಯೇ ಸೇರಿಸುವುದು ಜಾಣತನ.

5. ಎತ್ತರ ಮತ್ತು ಒತ್ತಡ: ಒಂದು ಅನುಭವ

ಈ ಭಾಗವನ್ನು ನನ್ನದೇ ತಪ್ಪಿನಿಂದ ಆರಂಭಿಸುತ್ತೇನೆ. ಎಂಜಿನಿಯರಿಂಗ್ ಪದವಿ ಮುಗಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ಸೇರಿದ ಹೊಸತರಲ್ಲಿ, ನನ್ನ ವ್ಯಾಪ್ತಿಯ ಒಂದು ಊರಿನ ಪರಿಶಿಷ್ಟರ ಕಾಲೋನಿಗೆ ನೀರು ಬರುತ್ತಿಲ್ಲವೆಂದು ದೂರು ಬಂದಿತು. ನಾನು ಕಡತ ತೆಗೆದೆ. ಜನಸಂಖ್ಯೆ, ತೊಟ್ಟಿಯ ಸಾಮರ್ಥ್ಯ, ಬಾವಿಯ ಇಳುವರಿ ಎಲ್ಲವನ್ನೂ ಕೂಡಿ ಕಳೆದು, ನೀರು ಸಾಲದೆ ಬರಲು ಸಾಧ್ಯವೇ ಇಲ್ಲ, ನೀರುಗಂಟಿಯೇ ಸರಿಯಾಗಿ ಬಿಡುತ್ತಿಲ್ಲ ಎಂದು ತೀರ್ಮಾನಿಸಿದೆ. ಆತನಿಗೆ ಎಚ್ಚರಿಕೆಯ ಪತ್ರವನ್ನೂ ಕೊಟ್ಟೆ. ಇತ್ತ ಸಾಮಾನ್ಯ ಸಭೆಯಲ್ಲಿ ಕಾಲೋನಿಗೆಂದು ಹೊಸ ಕೊಳವೆಬಾವಿ ಕೊರೆಸುವ ನಿರ್ಣಯ ಸಿದ್ಧವಾಗಿತ್ತು.

ಸ್ಥಳ ಪರಿಶೀಲನೆಗೆ ಹೋದ ದಿನ ಕಾಲೋನಿಯ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡಿ, "ನೀರು ನಿಮ್ ಕಾಗ್ದದಲ್ಲಿ ಮ್ಯಾಕೆ ಅತ್ತುತ್ತೆ ಸ್ವಾಮಿ, ನಮ್ ಬೀದೀಲಿ ಅತ್ತಕಿಲ್ಲ" ಎಂದರು. ಆ ಮಾತಿನಲ್ಲಿ ನಾನು ಓದಿ ಮರೆತಿದ್ದ ಪಾಠವಿತ್ತು. ನಾನು ಪ್ರಮಾಣವನ್ನು ಲೆಕ್ಕ ಹಾಕಿದ್ದೆ, ಎತ್ತರವನ್ನು ನೋಡಿರಲಿಲ್ಲ.

ಮರುದಿನ ಗಾರೆ ಕೆಲಸದವರು ಪಾಯದ ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ತೊಟ್ಟಿಯ ಬುಡದಿಂದ ಕಾಲೋನಿಯವರೆಗೆ ಮಟ್ಟ ಹಿಡಿದೆವು. ಕಾಲೋನಿಯ ನೆಲ ತೊಟ್ಟಿಯ ಬುಡಕ್ಕಿಂತ 5 ಮೀಟರ್ ಎತ್ತರದಲ್ಲಿತ್ತು. ತೊಟ್ಟಿಯ ತಳ ನೆಲದಿಂದ 12 ಮೀಟರ್ ಎತ್ತರ. ಹಾಗಾದರೆ ಕಾಲೋನಿಗೆ ದೊರೆಯುವ ಎತ್ತರ 12 − 5 = 7 ಮೀಟರ್. ಒಂದಂತಸ್ತಿನ ಮನೆಯ ನಲ್ಲಿಗೆ 7 ಮೀಟರ್ ಎತ್ತರದ ಒತ್ತಡ ಉಳಿಯಬೇಕೆಂಬುದು ನೀರು ಸರಬರಾಜು ಎಂಜಿನಿಯರುಗಳ ಕೈಪಿಡಿಯ ಮಾನದಂಡ. ಆದರೆ ನಮ್ಮ 7 ಮೀಟರ್ ಕೊಳವೆಯ ಘರ್ಷಣೆಯನ್ನು ಕಳೆಯುವ ಮುಂಚಿನದು. ಬೆಳಗ್ಗೆ ಆರು ಗಂಟೆಗೆ ಕೆಳಬೀದಿಯ ಎಲ್ಲ ನಲ್ಲಿಗಳೂ ತೆರೆದಾಗ ಕೊಳವೆಯಲ್ಲಿ ಹರಿವು ಹೆಚ್ಚಿ, ಉಳಿದ ಒತ್ತಡವೆಲ್ಲ ಘರ್ಷಣೆಯಲ್ಲಿ ಮುಗಿದುಹೋಗುತ್ತಿತ್ತು. ಅದರ ಮೇಲೆ ಕೆಳಬೀದಿಯ ಕೆಲವು ಮನೆಗಳು ನಲ್ಲಿಗೆ ನೇರವಾಗಿ ಮೋಟಾರು ಜೋಡಿಸಿದ್ದವು. ಕಾಲೋನಿಯವರು ರಾತ್ರಿ ಹನ್ನೊಂದರ ಮೇಲೆ, ಊರೆಲ್ಲ ಮಲಗಿದಾಗ, ಸಣ್ಣಗೆ ಬರುತ್ತಿದ್ದ ನೀರಿಗೆ ಎದ್ದು ಕಾಯುತ್ತಿದ್ದುದು ಇದೇ ಕಾರಣಕ್ಕೆ. ನೀರುಗಂಟಿಯ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಎಚ್ಚರಿಕೆಯ ಪತ್ರವನ್ನು ಹಿಂಪಡೆದೆ.

ಪರಿಹಾರ ಸರಳವಾಗಿತ್ತು. ಕಾಲೋನಿಗೆ ಹೋಗುವ ಮಾರ್ಗವನ್ನು ತೊಟ್ಟಿಯ ಬಳಿಯೇ ಪ್ರತ್ಯೇಕಿಸಿ, ಎರಡೂ ಮಾರ್ಗಗಳಿಗೆ ಒಂದೊಂದು ಗೇಟ್‌ವಾಲ್ವ್ ಅಳವಡಿಸಿದೆವು. ತೊಟ್ಟಿ ತುಂಬಿರುವ ಬೆಳಗಿನ ಮೊದಲ ಗಂಟೆಯಲ್ಲಿ ಕಾಲೋನಿಗೆ ಮಾತ್ರ ನೀರು, ಆಮೇಲೆ ಕೆಳಬೀದಿಗೆ. ಕೊಳವೆಯಲ್ಲಿ ಹರಿವು ಅರ್ಧಕ್ಕೆ ಇಳಿದರೆ ಘರ್ಷಣೆಯ ನಷ್ಟ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಸರದಿಯ ಪೂರೈಕೆಯ ಗುಟ್ಟು ಇದೇ. ಗ್ರಾಮ ಸಭೆಯ ತೀರ್ಮಾನದಂತೆ ನೇರ ಮೋಟಾರುಗಳನ್ನು ತೆಗೆಸಲಾಯಿತು. ಕೆಳಬೀದಿಯವರು ಮೊದಲು ಆಕ್ಷೇಪಿಸಿದರು: "ಮೊದಲಿಂದ ನಮಗೇ ಮೊದಲು ಬರುತ್ತಿತ್ತು" ಎಂಬುದು ಅವರ ವಾದ. ಅವರಿಗೆ ನೀರು ಕಡಿಮೆಯಾಗುವುದಿಲ್ಲ, ಒಂದು ಗಂಟೆ ತಡವಾಗುತ್ತದೆ ಅಷ್ಟೇ ಎಂದು ತೊಟ್ಟಿಯ ಲೆಕ್ಕವನ್ನು ಸಭೆಯಲ್ಲಿಯೇ ಬರೆದು ತೋರಿಸಿದ ಮೇಲೆ ಒಪ್ಪಿದರು. ಕೊಳವೆಬಾವಿಯ ನಿರ್ಣಯ ಕೈಬಿಡಲಾಯಿತು.

ಎತ್ತರದ ಜಾಗ, ಊರಿನ ಹೊರಅಂಚು, ಕೊಳವೆಯ ಕೊನೆ: ನಮ್ಮ ಹಳ್ಳಿಗಳಲ್ಲಿ ಈ ಮೂರೂ ಒಂದೇ ಕಡೆ ಇರುವುದು ಮತ್ತು ಅಲ್ಲಿ ಬಡವರ, ಪರಿಶಿಷ್ಟರ ಮನೆಗಳಿರುವುದು ಸಾಮಾನ್ಯ. ಆದುದರಿಂದ ಒತ್ತಡದ ಲೆಕ್ಕ ಬರೀ ತಾಂತ್ರಿಕ ಲೆಕ್ಕವಲ್ಲ. ಅದನ್ನು ತಪ್ಪಾಗಿ ಮಾಡಿದರೆ, ಯಾರೂ ಉದ್ದೇಶಿಸದಿದ್ದರೂ, ಅನ್ಯಾಯ ತಾನಾಗಿಯೇ ಕೊಳವೆಯೊಳಗೆ ಹರಿಯುತ್ತದೆ.

6. ನೀರಿನ ಗುಣಮಟ್ಟ

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನರು ಅಸ್ವಸ್ಥರಾಗಿ ಸಾವುಗಳು ಸಂಭವಿಸಿದವು. 2024ರ ಮೇ ತಿಂಗಳಲ್ಲಿ ನಮ್ಮ ನೆರೆಯ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿಯೂ ಹಲವರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿ, ಯುವಕನೊಬ್ಬ ಮೃತಪಟ್ಟನು. ಇಂತಹ ಸುದ್ದಿಯನ್ನು ಓದಿದಾಗ "ನಮ್ಮ ಊರಿನಲ್ಲಿ ಹೀಗಾಗದು" ಎಂಬ ನಂಬಿಕೆಗೆ ಆಧಾರವೇನೆಂದು ಸದಸ್ಯರು ತಮ್ಮನ್ನೇ ಕೇಳಿಕೊಳ್ಳಬೇಕು.

ಮಲಿನತೆ ಕೊಳವೆಯೊಳಗೆ ಹೇಗೆ ಸೇರುತ್ತದೆ? ನೀರು ಬಿಟ್ಟಾಗ ಕೊಳವೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರುತ್ತದೆ. ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ. ನೀರು ನಿಲ್ಲಿಸಿದಾಗ ಅಥವಾ ಯಾರೋ ಮೋಟಾರಿನಿಂದ ಎಳೆದಾಗ ಒತ್ತಡ ತಿರುಗುಮುರುಗಾಗಿ, ಅದೇ ಬಿರುಕಿನಿಂದ ಹೊರಗಿನ ನೀರು ಒಳಗೆ ಬರುತ್ತದೆ. ಆ ಜಾಗದಲ್ಲಿ ಚರಂಡಿ ಇದ್ದರೆ ಚರಂಡಿಯ ನೀರೇ ಬರುತ್ತದೆ. ಹೀಗೆ ಚರಂಡಿಯೊಳಗೆ ಹಾದುಹೋಗಿರುವ ಪ್ರತಿಯೊಂದು ಮನೆ ಸಂಪರ್ಕವೂ ಅಪಾಯದ ಬಾಗಿಲು. ಬೀದಿ ಬೀದಿ ನಡೆದು ಇಂತಹ ಸಂಪರ್ಕಗಳನ್ನು ಪಟ್ಟಿ ಮಾಡಿ, ಚರಂಡಿಯಿಂದ ಮೇಲಕ್ಕೆತ್ತಿಸುವುದು ಪಂಚಾಯಿತಿಯ ಮೊದಲ ಕರ್ತವ್ಯ.

ಎರಡನೆಯದು ಕ್ಲೋರಿನ್. ಬ್ಲೀಚಿಂಗ್ ಪುಡಿಯನ್ನು "ಒಂದು ಹಿಡಿ" ಎಂಬ ಅಳತೆಯಲ್ಲಿ ಹಾಕುವುದನ್ನು ನಿಲ್ಲಿಸಬೇಕು. 50,000 ಲೀಟರ್ ತೊಟ್ಟಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಬೇಕಾದ ಕ್ಲೋರಿನ್ 100 ಗ್ರಾಂ. ಪುಡಿಯಲ್ಲಿ ಕ್ಲೋರಿನ್ ಅಂಶ ಶೇ. 25 ಇದ್ದರೆ ಬೇಕಾದ ಪುಡಿ 400 ಗ್ರಾಂ. ಅದನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣದ ಅಂಶ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ತೊಟ್ಟಿಗೆ ಸುರಿದು, ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ದಿನಕ್ಕೆ ಎರಡು ಬಾರಿ ತೊಟ್ಟಿ ತುಂಬಿದರೆ ಎರಡು ಬಾರಿಯೂ ಹಾಕಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿ ದಿನದಿನಕ್ಕೂ ಸತ್ವ ಕಳೆದುಕೊಳ್ಳುತ್ತದೆ ಎಂಬುದು ನೆನಪಿರಲಿ. ಸರಿಯಾಯಿತೋ ಇಲ್ಲವೋ ಎಂಬುದನ್ನು ತೊಟ್ಟಿಯ ಬಳಿಯಲ್ಲ, ಕೊನೆಯ ನಲ್ಲಿಯಲ್ಲಿ ಪರೀಕ್ಷಿಸಬೇಕು. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕ್ಲೋರೋಸ್ಕೋಪಿನ ನಳಿಗೆಯಲ್ಲಿ ಹಳದಿ ಬಣ್ಣ ಕಂಡರೆ ಕ್ಲೋರಿನ್ ಇದೆ ಎಂದರ್ಥ.

ಮೂರನೆಯದು ಕಣ್ಣಿಗೆ ಕಾಣದ ಲವಣಗಳು. ಭಾರತೀಯ ಮಾನಕ 10500ರ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಇದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಫ್ಲೋರೈಡ್ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ ಗರಿಷ್ಠ 1.5. ಕರಗಿದ ಒಟ್ಟು ಲವಣಾಂಶ 500, ಬೇರೆ ಮೂಲವಿಲ್ಲದಿದ್ದರೆ 2,000. ಕಬ್ಬು, ಭತ್ತಕ್ಕೆ ಯೂರಿಯಾ ಚೆಲ್ಲುವ ನಾಲೆಯ ಬಯಲಿನಲ್ಲಿ, ತಿಪ್ಪೆ ಮತ್ತು ಶೌಚಗುಂಡಿಗಳು ಬಾವಿಗೆ ಹತ್ತಿರವಿರುವ ಊರುಗಳಲ್ಲಿ, ನೈಟ್ರೇಟನ್ನು ಮೊದಲು ಶಂಕಿಸಬೇಕು. ಅದು ಹಸುಗೂಸುಗಳ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ. ಶೌಚಗುಂಡಿಯಿಂದ ಕುಡಿಯುವ ನೀರಿನ ಬಾವಿಗೆ ಕನಿಷ್ಠ 15 ಮೀಟರ್ ಅಂತರವಿರಲಿ.

ಶುದ್ಧ ಕುಡಿಯುವ ನೀರಿನ ಘಟಕ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಘಟಕದ ಕ್ಯಾನಿನ ನೀರನ್ನು ಕುಡಿಯುವ ಮನೆಯಲ್ಲಿಯೂ ಬಾಯಿ ಮುಕ್ಕಳಿಸುವುದು, ಪಾತ್ರೆ ತೊಳೆಯುವುದು, ಮಗುವಿಗೆ ಸ್ನಾನ ಮಾಡಿಸುವುದು ನಲ್ಲಿಯ ನೀರಿನಲ್ಲಿಯೇ. ನಾಣ್ಯ ಹಾಕಲಾಗದ ಮನೆ ಕುಡಿಯುವುದೂ ಅದನ್ನೇ. ಘಟಕವು ನಲ್ಲಿಗೆ ನೆರವಾಗಬಹುದು, ಬದಲಿಯಾಗದು.

7. ಸೋರಿಕೆ, ವಿದ್ಯುತ್ತು ಮತ್ತು ನೀರಿನ ಕರ

ತಿರುಪು ಇಲ್ಲದ ಬೀದಿ ನಲ್ಲಿಯೊಂದು ನಿಮಿಷಕ್ಕೆ 10 ಲೀಟರ್ ಸುರಿಸಿದರೆ, ಮೂರು ಗಂಟೆಯ ಪೂರೈಕೆಯಲ್ಲಿ 1,800 ಲೀಟರ್ ಚರಂಡಿಗೆ ಹೋಗುತ್ತದೆ. ಅದು 32 ಜನರ ಒಂದು ದಿನದ ಪಾಲು. ತಿರುಪಿನ ಬೆಲೆ ಎಷ್ಟೆಂಬುದನ್ನು ಸದಸ್ಯರು ಬಲ್ಲರು.

ಹೀಗೆ ಹೋಗುವುದು ನೀರು ಮಾತ್ರವಲ್ಲ. ನಮ್ಮ ಮಾದರಿ ಗ್ರಾಮದ 1,16,000 ಲೀಟರನ್ನು ಬಾವಿಯ ಆಳ ಮತ್ತು ತೊಟ್ಟಿಯ ಎತ್ತರ ಸೇರಿ 100 ಮೀಟರ್ ಎತ್ತಲು, ಪಂಪಿನ ದಕ್ಷತೆ ಶೇ. 45 ಎಂದು ಹಿಡಿದರೆ, ದಿನಕ್ಕೆ ಸುಮಾರು 70 ಯೂನಿಟ್ ವಿದ್ಯುತ್ ಬೇಕು, ತಿಂಗಳಿಗೆ 2,100. ಶೇ. 15ರ ಸೋರಿಕೆ ಎಂದರೆ ತಿಂಗಳಿಗೆ 315 ಯೂನಿಟ್ ಮಣ್ಣುಪಾಲು. ನಿಮ್ಮ ಊರಿನ ವಿದ್ಯುತ್ ಬಿಲ್ಲನ್ನು ಈ ಲೆಕ್ಕದೊಂದಿಗೆ ಹೋಲಿಸಿ ನೋಡಿ. ಬಿಲ್ಲು ಬಹಳ ಹೆಚ್ಚಿದ್ದರೆ ಪಂಪ್ ಸವೆದಿದೆ, ಇಲ್ಲವೇ ನೀರು ಸೋರುತ್ತಿದೆ.

ಇನ್ನು ಕರದ ವಿಚಾರ. ಲೆಕ್ಕದ ಸಲುವಾಗಿ, 400 ಮನೆಗಳ ಇದೇ ಗ್ರಾಮಕ್ಕೆ ವಾರ್ಷಿಕ ವೆಚ್ಚವನ್ನು ಹೀಗೆ ಹಿಡಿಯೋಣ: ವಿದ್ಯುತ್ 25,200 ಯೂನಿಟ್‌ಗೆ ಯೂನಿಟ್ಟಿಗೆ 6 ರೂಪಾಯಿಯಂತೆ 1,51,200, ನೀರುಗಂಟಿಯ ವೇತನ 1,68,000, ದುರಸ್ತಿ 60,000, ಬ್ಲೀಚಿಂಗ್ ಮತ್ತು ಪರೀಕ್ಷೆ 15,000. ಒಟ್ಟು 3,94,200 ರೂಪಾಯಿ. ಮನೆಯೊಂದಕ್ಕೆ ತಿಂಗಳಿಗೆ ಸುಮಾರು 82 ರೂಪಾಯಿ. ನಿಮ್ಮ ಪಂಚಾಯಿತಿ ವಿಧಿಸುವ ಕರ ಎಷ್ಟು, ವಸೂಲಿಯಾಗುವುದು ಎಷ್ಟು? ಈ ಎರಡರ ನಡುವಿನ ಅಂತರವೇ ಮೋಟಾರು ಸುಟ್ಟಾಗ ಹದಿನೈದು ದಿನ ನೀರಿಲ್ಲದಿರುವುದಕ್ಕೆ ಕಾರಣ. ಕರ ಏರಿಸಿದರೆ ಮತ ಹೋಗುತ್ತದೆ ಎಂಬ ಅಂಜಿಕೆ ಸಹಜ. ಆದರೆ ವೆಚ್ಚದ ಪಟ್ಟಿಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಸಿದ ಊರಿನಲ್ಲಿ ಕರ ಕೇಳುವುದು ಸುಲಭ. ಜನ ಸಾಮಾನ್ಯವಾಗಿ ವಿರೋಧಿಸುವುದು ಕರವನ್ನಲ್ಲ, ಬಾರದ ನೀರಿಗೆ ಕೇಳುವ ಕರವನ್ನು.

8. ಜಲಮೂಲದ ರಕ್ಷಣೆ

2023ರ ಮುಂಗಾರು ಕೈಕೊಟ್ಟು ಕನ್ನಂಬಾಡಿ ತುಂಬದೆ ಹೋದ ವರ್ಷ, ನಾಲೆಯ ಬಯಲಿನವರಿಗೂ ನೀರಿನ ಚಿಂತೆ ಹೊಸದಾಗಿ ಪರಿಚಯವಾಯಿತು. ಗದ್ದೆಗೆ ನೀರಿಲ್ಲದಿದ್ದರೆ ಬಾವಿಗೂ ಇಂಗುವುದಿಲ್ಲ. ನಾಲೆ ನಮ್ಮ ಅಂತರ್ಜಲದ ತಾಯಿಬೇರು ಎಂಬುದನ್ನು ಅರಿತರೆ, ಊರಿನ ಕೆರೆ, ಕಟ್ಟೆ, ಕಲ್ಯಾಣಿಗಳು ಕಷ್ಟಕಾಲದ ಇಡುಗಂಟು ಎಂಬುದೂ ಅರಿವಾಗುತ್ತದೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಊರ ಬಳಿಯ ಬೆಟ್ಟದಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿಸಿ 2022ರಲ್ಲಿ ತೀರಿಕೊಂಡರು. ಪ್ರಾಣಿಪಕ್ಷಿಗಳಿಗೆಂದು ತೋಡಿದ ಆ ಕಟ್ಟೆಗಳ ಪಾಠ ಪಂಚಾಯಿತಿಗೂ ಅನ್ವಯಿಸುತ್ತದೆ: ಇಳಿಜಾರಿನಲ್ಲಿ ಓಡುವ ನೀರನ್ನು ನಿಲ್ಲಿಸಿದರೆ ಮಾತ್ರ ಅದು ನೆಲಕ್ಕಿಳಿಯುತ್ತದೆ. ಉದ್ಯೋಗ ಖಾತರಿಯ ಕ್ರಿಯಾಯೋಜನೆ ತಯಾರಿಸುವಾಗ ಕುಡಿಯುವ ನೀರಿನ ಕೊಳವೆಬಾವಿಯ ಮೇಲ್ಭಾಗದ ಇಳಿಜಾರನ್ನು ಗುರುತಿಸಿ, ಇಂಗುಗುಂಡಿ ಮತ್ತು ತಡೆಗಟ್ಟೆಗಳನ್ನು ಅಲ್ಲಿಗೇ ಸೇರಿಸಿ. ಕೆರೆಯ ಹೂಳೆತ್ತುವ ಮುನ್ನ ಅದಕ್ಕೆ ನೀರು ತರುವ ಕಾಲುವೆಯ ಒತ್ತುವರಿಯನ್ನು ತೆರವುಗೊಳಿಸಿ. ದಾರಿ ಮುಚ್ಚಿದ ಕೆರೆಯ ಹೂಳೆತ್ತಿ ಪ್ರಯೋಜನವಿಲ್ಲ.

9. ಹೊಣೆ ಮತ್ತು ಹಣ

ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರಿದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ 11ನೆಯದು ಕುಡಿಯುವ ನೀರು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೇ ಪ್ರಕರಣ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳನ್ನು ಹೇಳುತ್ತದೆ. ಯೋಜನೆಯನ್ನು ಇಲಾಖೆ ನಿರ್ಮಿಸಬಹುದು. ಹಸ್ತಾಂತರದ ನಂತರ ನಡೆಸುವುದು ನಾವೇ. ಆದುದರಿಂದ ಹಸ್ತಾಂತರ ಪತ್ರಕ್ಕೆ ಸಹಿ ಹಾಕುವ ಮುನ್ನ ಮೂರನ್ನು ಕೇಳಿ ಪಡೆಯಬೇಕು: ಕೊಳವೆಗಳು ಎಲ್ಲಿ ಹಾದಿವೆ, ವಾಲ್ವ್‌ಗಳು ಎಲ್ಲಿವೆ ಎಂಬ ನಕ್ಷೆ, ಬಾವಿಯ ಇಳುವರಿ ಮತ್ತು ನೀರಿನ ಪರೀಕ್ಷಾ ವರದಿ, ಕೊನೆಯ ನಲ್ಲಿಯಲ್ಲಿ ಒತ್ತಡ ಅಳೆದ ದಾಖಲೆ. ಅಗೆದ ರಸ್ತೆಯನ್ನು ಮುಚ್ಚಿದ ಮೇಲೆ ಕೊಳವೆ ಎಲ್ಲಿದೆಯೆಂಬುದು ನೀರುಗಂಟಿಯ ನೆನಪಿನಲ್ಲಿ ಮಾತ್ರ ಉಳಿಯುವುದು ತರವಲ್ಲ.

ಜಲಜೀವನ್ ಮಿಷನ್ ಮಾರ್ಗಸೂಚಿಯಂತೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು; ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಬೇಕು. ಈ ಹೆಸರುಗಳು ಕಾಗದದ ಹೆಸರುಗಳಾಗದಿರಲಿ. ನೀರು ಎಷ್ಟು ಹೊತ್ತಿಗೆ ಬಂತು, ಯಾವ ಬಣ್ಣದಲ್ಲಿ ಬಂತು ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿಯದು. 2021–26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ನಿರ್ಬಂಧಿತವಾಗಿದ್ದು, ಅದರ ಅರ್ಧಭಾಗ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ ಮೀಸಲಾಗಿತ್ತು. ಇಂತಹ ಹಣವನ್ನು ಹೊಸ ಬಾವಿಗೆ ತೊಡಗಿಸುವ ಮೊದಲು ವಾಲ್ವ್, ಮೀಟರ್ ಮತ್ತು ಸೋರಿಕೆ ದುರಸ್ತಿಗೆ ಎಷ್ಟು ಬೇಕೆಂದು ನೋಡಿ.

10. ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

(1) ನಮ್ಮ ಪ್ರತಿ ಊರಿನ ಅತಿ ಎತ್ತರದ ಮತ್ತು ಅತಿ ದೂರದ ನಲ್ಲಿ ಯಾವ ಮನೆಯದು? ಅಲ್ಲಿ 20 ಲೀಟರ್ ಕೊಡ ತುಂಬಲು ಎಷ್ಟು ನಿಮಿಷ ಬೇಕು?

(2) ಪ್ರತಿ ಕೊಳವೆಬಾವಿಯ ಇಳುವರಿಯನ್ನು ಕೊನೆಯ ಬಾರಿ ಅಳೆದದ್ದು ಯಾವಾಗ?

(3) ಚರಂಡಿಯೊಳಗೆ ಹಾದಿರುವ ಮನೆ ಸಂಪರ್ಕಗಳೆಷ್ಟು? ನೇರ ಮೋಟಾರುಗಳೆಷ್ಟು?

(4) ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷೆಯ ದಾಖಲೆ ಇದೆಯೇ? ತೊಟ್ಟಿ ತೊಳೆದ ದಿನಾಂಕವನ್ನು ತೊಟ್ಟಿಯ ಮೇಲೆ ಬರೆದಿದೆಯೇ?

(5) ವಾರ್ಷಿಕ ವೆಚ್ಚವೆಷ್ಟು, ಬೇಡಿಕೆಯ ಕರವೆಷ್ಟು, ವಸೂಲಿ ಎಷ್ಟು?

(6) ನೀರುಗಂಟಿಗೆ ದಿನಚರಿ ಪುಸ್ತಕ, ಕೈಗವಸು, ಸಕಾಲದ ವೇತನ ಇವು ದೊರೆಯುತ್ತಿವೆಯೇ?

ಇವುಗಳಲ್ಲಿ ಒಂದನೆಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಅನುದಾನವಾಗಲಿ ಅನುಮೋದನೆಯಾಗಲಿ ಬೇಕಿಲ್ಲ. ಒಂದು ಕೊಡ, ಒಂದು ಗಡಿಯಾರ, ಬೆಳಗ್ಗೆ ಆರು ಗಂಟೆಗೆ ಆ ಮನೆಯ ಬಾಗಿಲಿಗೆ ನಡೆದು ಹೋಗುವ ಮನಸ್ಸು ಸಾಕು. ನಾನು ಆ ನಡಿಗೆಯನ್ನು ಎಚ್ಚರಿಕೆಯ ಪತ್ರ ಬರೆಯುವ ಮೊದಲೇ ನಡೆದಿದ್ದರೆ, ತಪ್ಪಿಲ್ಲದ ನೌಕರನೊಬ್ಬನು ನೋಯುತ್ತಿರಲಿಲ್ಲ. ಒಂದು ಬೀದಿಯ ಹೆಣ್ಣುಮಕ್ಕಳು ಅಷ್ಟು ರಾತ್ರಿಗಳ ನಿದ್ದೆ ಕಳೆದುಕೊಳ್ಳುತ್ತಿರಲಿಲ್ಲ. ಸದಸ್ಯರು ತಮ್ಮ ವಾರ್ಡಿನ ಕೊನೆಯ ನಲ್ಲಿಯ ಅಳತೆಯನ್ನು ಮುಂದಿನ ಸಭೆಗೆ ಬರೆದು ತರಬೇಕೆಂದೂ, ಚರ್ಚೆ ಅಲ್ಲಿಂದಲೇ ಆರಂಭವಾಗಬೇಕೆಂದೂ ವಿನಂತಿ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ